ಬರಿಗೈಯ ನೀಲಮ್ಮ

ಮಹಾನವಮಿಯ ಹಿಂದಿನ ವಾರ ಎಮ್ಮಿಗನೂರಿನ ಕಾಲುವೆಯ ಮೆಟ್ಟಿಲ ಮೇಲೆ ಕೈಯಲ್ಲಿ ಏನೂ ಇಲ್ಲದೆ ನಿಲ್ಲುತ್ತಿದ್ದವರು ನೀಲಮ್ಮ ಒಬ್ಬರೇ. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದಾಗಬೇಕು. ಊರಿನ ಹೆಂಗಸರೆಲ್ಲ ಗಂಟು ಹೊತ್ತು ಅಲ್ಲಿಗೇ ಬರುತ್ತಾರೆ. ನೀಲಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಬಿಗಿದು, ನೀರಿನ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಸಂಜೆಯವರೆಗೆ ನಿಂತಿರುತ್ತಿದ್ದರು. ಯಾರಾದರೂ ಕೌದಿಯನ್ನು ನೀರಿಗಿಳಿಸಿದರೆ ಅವರ ಕಣ್ಣು ಕೌದಿಯ ಮೇಲಲ್ಲ, ಅದನ್ನು ಹಿಡಿದ ಕೈಗಳ ಮೇಲೆ.

"ನೀರು ಜಗ್ಗಿದ್ರ ಬಿಟ್ಟುಬಿಡ್ರಿ," ಎನ್ನುತ್ತಿದ್ದರು. "ಕೌದಿ ಹೋದ್ರ ಕೌದಿ ಕೊಡ್ತೀನಿ. ನೀವು ಹೋದ್ರ ನಿಮ್ಮ ಮನ್ಯಾಗ ಏನು ಕೊಡ್ಲಿ?"

ಕೊಡುತ್ತಲೂ ಇದ್ದರು. ವರ್ಷವಿಡೀ ಹೊಸಪೇಟೆಯ ಸಂತೆಯಿಂದ ಹಳೆಯ ಸೀರೆಗಳನ್ನು ತಂದು, ಒಂದರ ಮೇಲೊಂದು ಹಾಸಿ, ಕೈಯಲ್ಲೇ ಹೊಲಿಗೆ ಹಾಕಿ ಕೌದಿಗಳನ್ನು ಕೂಡಿಡುತ್ತಿದ್ದರು. ಪ್ರತಿಯೊಂದರ ಮೂಲೆಯಲ್ಲೂ ನೀಲಿ ಬಟ್ಟೆಯ ಒಂದು ತುಂಡು. ಅದು ಅವರ ಮಗಳು ಗೌರಿಯ ಶಾಲೆಯ ಲಂಗದ್ದು. ಕಾಲುವೆಯಲ್ಲಿ ಕೌದಿ ಕಳೆದುಕೊಂಡವರ ಮನೆಗೆ ತಾವೇ ಹೋಗಿ, "ಗೌರಿ ಕೊಟ್ಟಾಳ, ತಗೊಳ್ರಿ" ಎಂದು ಇಟ್ಟು ಬರುತ್ತಿದ್ದರು.

ಒಮ್ಮೆ ಹಿಂದಿನ ಓಣಿಯ ಶಾಂತಕ್ಕ ಹರಿದು ಜಾಳಾದ ಕೌದಿಯನ್ನು ಬೇಕೆಂದೇ ತೇಲಿಬಿಟ್ಟು, "ಹೋತಲ್ಲ ನೀಲಕ್ಕಾ" ಎಂದು ಬಾಯಿ ಬಡಿದುಕೊಂಡಳು. ಮೆಟ್ಟಿಲೆಲ್ಲ ನಕ್ಕಿತು. ನೀಲಮ್ಮ ಮರುದಿನವೇ ಹೊಸದನ್ನು ಕೊಟ್ಟರು. ಮೋಸ ಗೊತ್ತಾಗಲಿಲ್ಲವೇ ಎಂದು ನಾನು ಕೇಳಿದೆ. ನಾನು ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುವವಳು. ನನಗೆ ಇಂಥವು ಕಣ್ಣಿಗೆ ಬೀಳುತ್ತವೆ.

"ಗೊತ್ತೈತಿ ಬಿಡವ್ವ. ಆಕಿ ಕೈಗೆ ಬಿಡೂದು ರೂಢಿ ಆಗ್ಲಿ."

ಸೂಜಿಗೆ ದಾರ ಪೋಣಿಸುತ್ತಾ ಗೌರಿ ನೀರುಪಾಲಾದ ದಿನದ ಮಾತನ್ನು ಅವರು ಹೇಳಿದ್ದು ಅಂದೇ. "ಕೌದಿ ಒದ್ದಿ ಆದ್ರ ಭಾಳ ವಜ್ಜಿ. ನೀರು ಅದನ್ನ ಹಿಡ್ಕೊಂಡು ಜಗ್ಗತೈತಿ. ನಾನೇ ದಂಡಿ ಮ್ಯಾಲ ನಿಂತು, ಗಟ್ಟಿ ಹಿಡಿಯಲೇ, ಬಿಡಬ್ಯಾಡ ಅಂದೆ. ಆಕಿ ನನ್ನ ಮಾತು ಮೀರಲಿಲ್ಲ."

ಹೋದ ವರ್ಷ ಹಬ್ಬಕ್ಕೆ ನಾನು ಊರಿಗೆ ಬಂದಿದ್ದೆ. ಅಣ್ಣನ ಮದುವೆಯಾದ ಮೇಲೆ ಅದೇ ಮೊದಲ ಮಹಾನವಮಿ. ಅಮ್ಮ, ಹೊಸ ಅತ್ತಿಗೆ ಸವಿತಾ, ನಾನು ಕಾಲುವೆಗೆ ಹೋದೆವು. ಗಂಟಿನಲ್ಲಿ ತೀರಿಹೋದ ನಮ್ಮಜ್ಜಿಯ ಸೀರೆಗಳ ಕೌದಿಯಿತ್ತು. "ಇದು ಜ್ವಾಕಿ ನೋಡವ್ವ, ಇಂಥಾದು ಇನ್ನೊಂದಿಲ್ಲ," ಎಂದು ಅಮ್ಮ ದಾರಿಯುದ್ದಕ್ಕೂ ಹೇಳಿದ್ದಳು.

ಅತ್ತಿಗೆ ಜಾಲಾಡಿಸಲು ಕೌದಿಯನ್ನು ಬಿಚ್ಚಿ ನೀರಿಗೆ ಬಿಟ್ಟಳು. ಸೆಳವು ಅದನ್ನು ಅಗಲಕ್ಕೆ ಹರಡಿಸಿತು. ಪಾಚಿಯ ಮೇಲಿದ್ದ ಅವಳ ಕಾಲು ಜಾರಿತು. ನಾನು ಕೂಗುವ ಮೊದಲೇ ನೀಲಮ್ಮ ಮೆಟ್ಟಿಲ ಮೇಲೆ ಬೋರಲು ಬಿದ್ದು ಅವಳ ತೋಳು ಹಿಡಿದಿದ್ದರು. ನಾನು ನೀಲಮ್ಮನ ಕಾಲುಗಳನ್ನು ತಬ್ಬಿದೆ. ಎದೆಮಟ್ಟದ ನೀರಿನಲ್ಲಿ ಅತ್ತಿಗೆ, ಅವಳ ಎರಡೂ ಮುಷ್ಟಿಯಲ್ಲಿ ಕೌದಿಯ ಅಂಚು.

"ಬಿಡವ್ವಾ, ಬಿಡು. ನಾ ಹೊಸಾದು ಕೊಡ್ತೀನಿ."

ಬಿಡಲಿಲ್ಲ. ಒದ್ದೆ ತೋಳು ನೀಲಮ್ಮನ ಹಿಡಿತದಿಂದ ಜಾರುತ್ತಾ ಬರುತ್ತಿತ್ತು. ಅವರ ಮೈ ನನ್ನ ಕೈಯೊಳಗಿಂದ ನೀರಿನತ್ತ ಸರಿಯುತ್ತಿತ್ತು. ನನ್ನ ಹಿಮ್ಮಡಿ ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ. ಅತ್ತಿಗೆ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಮೇಲೆ ನಿಂತಿದ್ದ ಅಮ್ಮನ ಮುಖದ ಮೇಲಿತ್ತು.

ನೀಲಮ್ಮ ಕತ್ತು ತಿರುಗಿಸಿದರು. ಕೂಗಲಿಲ್ಲ. "ಯಕ್ಕಾ, ನನ್ನ ಮಾತಿಗೆ ಬಿಡಂಗಿಲ್ಲ ಆಕಿ. ನೀ ಹೇಳು. ಗೌರಿನೂ ಹಿಂಗ ನನ್ನ ಮಾರಿ ನೋಡಾಕ ಹತ್ತಿದ್ಲು."

"ಬಿಡು ಸವಿತಾ," ಎಂದಳು ಅಮ್ಮ. "ಹೋಗ್ಲಿ ಅದು. ಬಿಡ ನನ್ನವ್ವ."

ಮುಷ್ಟಿ ಬಿಚ್ಚಿತು. ಕೌದಿ ಒಮ್ಮೆ ಉಬ್ಬಿ, ಸೇತುವೆಯ ಕೆಳಗೆ ಹೋಯಿತು. ಕೈ ಬಿಟ್ಟ ಕೂಡಲೇ ಅತ್ತಿಗೆ ಹಗುರವಾದದ್ದು ನೀಲಮ್ಮನ ಕಾಲುಗಳ ಮೂಲಕ ನನಗೂ ತಿಳಿಯಿತು. ಈಗಲೂ ತರಗತಿಯಲ್ಲಿ ಮಾತಾಡುತ್ತಿರುವಾಗ ಇದ್ದಕ್ಕಿದ್ದಂತೆ ಆ ಕಾಲುಗಳು ನನ್ನ ಕೈಯಿಂದ ಜಾರುತ್ತವೆ. ಮೇಜಿನ ಅಂಚು ಹಿಡಿದು ನಿಲ್ಲುತ್ತೇನೆ.

ಹಬ್ಬದ ಮುನ್ನಾದಿನ ನೀಲಮ್ಮ ಕೌದಿ ತಂದರು. ಮೊಣಕೈಯ ಗಾಯ ಇನ್ನೂ ಒಣಗಿರಲಿಲ್ಲ. ಅಮ್ಮ ಅವರನ್ನು ಕೂರಿಸಿ ಊಟಕ್ಕಿಟ್ಟಳು. ಹೊರಡುವಾಗ ನೀಲಮ್ಮ ಅತ್ತಿಗೆಯ ಅಂಗೈ ಬಿಚ್ಚಿ ನೋಡಿ, "ಚೊಲೋ ಕೈ ಐತಿ," ಎಂದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡರು.

ಈ ಸಲ ಹಬ್ಬಕ್ಕೆ ಬಂದಾಗ ಮನೆಯಲ್ಲಿ ಅಮ್ಮ ಇರಲಿಲ್ಲ. ಅತ್ತಿಗೆಯ ಜೊತೆ ಗಂಟು ಹೊತ್ತು ಕಾಲುವೆಗೆ ಹೋದೆ. ನೀರಿನ ಅಂಚಿನ ಮೆಟ್ಟಿಲಲ್ಲಿ ಅಮ್ಮ ಸೆರಗು ಬಿಗಿದು, ಬರಿಗೈಯಲ್ಲಿ ನಿಂತಿದ್ದಳು. ಅತ್ತಿಗೆ ನೀಲಿ ಮೂಲೆಯ ಕೌದಿಯನ್ನು ಬಿಚ್ಚಿದಳು.

"ಜಗ್ಗಿದ್ರ ಬಿಟ್ಟುಬಿಡು," ಎಂದಳು ಅಮ್ಮ.

"ಮುಂಜಾನಿಂದ ಎಷ್ಟು ಸಲ ಹೇಳ್ತೀರಿ ಅತ್ತಿ," ಎಂದು ಅತ್ತಿಗೆ ನೀರಿಗಿಳಿದಳು.

ಅಮ್ಮ ಅತ್ತಿಗೆಯ ಕೈಗಳನ್ನೇ ನೋಡುತ್ತಿದ್ದಳು.