ಹಸಿರು ಮೀಟರು, ಐದು ಜೀಪು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಟ್ಟೂರಿನ ವಿದ್ಯುತ್ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮ ಕೇರಿಯಿಂದ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಂಗಸು ನಾನೇ. ಅಪ್ಪ ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದವರು. ನಾನು ಸೇರಿದ ಎರಡನೆಯ ವರ್ಷ ಕಚೇರಿಗೆ ವೈರ್‌ಲೆಸ್ ಸೆಟ್ಟು ಬಂತು. ಅದರ ಮುಂದೆ ಕೂತು ಮೈಕು ಹಿಡಿದು ಮಾತಾಡಲು ಗುಮಾಸ್ತರೆಲ್ಲ ಹಿಂದೆ ಸರಿದರು. ಒಬ್ಬರಿಗೆ ಗಂಟಲು ಸರಿಯಿಲ್ಲ, ಇನ್ನೊಬ್ಬರಿಗೆ ಕಿವಿ ಮಂದ. ಕೊನೆಗೆ ಸಾಹೇಬರು ನನ್ನ ಟೈಪ್‌ರೈಟರ್ ಮೇಜನ್ನೇ ಸೆಟ್ಟಿನ ಪಕ್ಕಕ್ಕೆ ಎಳೆಸಿ, ಇವತ್ತಿನಿಂದ ಇದೂ ನಿಮ್ಮದೇ ಅಂದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಊರಿಗೊಂದರಂತೆ ಐದು ಜೀಪುಗಳಲ್ಲಿ ಸೆಟ್ಟುಗಳಿದ್ದವು. ಎಲ್ಲಿಯಾದರೂ ತಂತಿ ಹರಿದರೆ ಲೈನ್‌ಮನ್ನುಗಳು ಜೀಪಿನಲ್ಲಿ ಹೋಗುತ್ತಿದ್ದರು. ಅವರು ಕಂಬ ಹತ್ತುವ ಮೊದಲು ಆ ತಂತಿಯಲ್ಲಿ ಕರೆಂಟು ನಿಲ್ಲಿಸಿದ್ದಾರೆಂದು ಸಬ್‌ಸ್ಟೇಷನ್ನಿನಿಂದ ಫೋನಿನಲ್ಲಿ ಕೇಳಿ ತಿಳಿದು, ನಾನು ವೈರ್‌ಲೆಸ್ಸಿನಲ್ಲಿ ಹೇಳಬೇಕು. ಅದಕ್ಕೆ ‘ಲೈನ್ ಕ್ಲಿಯರ್’ ಕೊಡುವುದು ಅನ್ನುತ್ತಿದ್ದೆವು. ಒಂದು ಮಾತು ತಪ್ಪಾಗಿ ಕೇಳಿದರೆ ಒಂದು ಜೀವ. ಮೊದಲ ವಾರ ಈ ಯೋಚನೆಗೆ ನನಗೆ ಊಟ ಸೇರಲಿಲ್ಲ. ಆಮೇಲೆ ನನ್ನ ಸಮಾಧಾನಕ್ಕೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ಐದೂ ಜೀಪುಗಳನ್ನು ಕರೆಯುವುದು, ಯಾವುದು ಎಷ್ಟು ಚೆನ್ನಾಗಿ ಕೇಳಿತೆಂದು ಐದಕ್ಕೆ ಅಂಕ ಹಾಕುವುದು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಸೆಟ್ಟುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಮೆಕ್ಯಾನಿಕ್. ಹಡಗಲಿ ಕಡೆಯವರು, ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾಗಿ ಬಂದವರು. ಸಾಹೇಬರಿಂದ ಹಿಡಿದು ಚಹಾ ತರುವವನ ತನಕ ಎಲ್ಲರೂ ಅವರನ್ನು ಹವಾಲ್ದಾರ್ರು ಅನ್ನುತ್ತಿದ್ದರು. ಐವತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಮಾತು ಕಡಿಮೆ. ಯಾವ ಊರಿಗೆ ಹೋದರೂ ಮೊದಲು ಜೀಪಿನ ಸೆಟ್ಟು ನೋಡಿ, ಆಮೇಲೆ ನೀರು ಕುಡಿಯುತ್ತಿದ್ದರು. ಮೊದಲ ದಿನ ನಾನು ಮೈಕಿಗೆ ಬಾಯಿ ಹಚ್ಚಿ ಅರಚುತ್ತಿದ್ದುದನ್ನು ಕಂಡು, ಕೂಗಬೇಡ, ಎದುರು ಕೂತವರ ಹತ್ತಿರ ಮಾತಾಡಿದಂತೆ ಮಾತಾಡು, ಸೆಟ್ಟು ತನ್ನ ಕೆಲಸ ತಾನು ಮಾಡುತ್ತದೆ ಎಂದು ಹೇಳಿಕೊಟ್ಟವರು ಅವರೇ.

ಜೀಪಿನ ಹಿಂದೆ ನಿಂತಿರುವ ಏರಿಯಲ್ ಕಡ್ಡಿಯ ಉದ್ದ ಸೆಟ್ಟಿಗೆ ಹೊಂದಬೇಕು. ಹೊಂದಿದರೆ ಸೆಟ್ಟು ಕಳಿಸಿದ ಶಕ್ತಿಯೆಲ್ಲ ಗಾಳಿಗೆ ಹೋಗುತ್ತದೆ. ಹೊಂದದಿದ್ದರೆ ಒಂದು ಪಾಲು ತಿರುಗಿ ಸೆಟ್ಟಿಗೇ ಬರುತ್ತದೆ, ದೂರದವರಿಗೆ ದನಿ ಮುಟ್ಟುವುದಿಲ್ಲ. ಎಷ್ಟು ತಿರುಗಿ ಬರುತ್ತಿದೆ ಅಂತ ಅಳೆಯುವುದಕ್ಕೆ ಒಂದು ಮೀಟರು ಬೇಕು. ಅದಿಲ್ಲದೆ ಹವಾಲ್ದಾರ್ರು ಎರಡು ವರ್ಷ ಟಾರ್ಚಿನ ಬಲ್ಬು ಹಚ್ಚಿ, ಅದರ ಬೆಳಕು ನೋಡಿ, ಅಂದಾಜಿನಲ್ಲಿ ಕೆಲಸ ನಡೆಸಿದ್ದರು. ಮೀಟರು ಬೇಕೆಂದು ಅವರು ಮೇಲಿನವರಿಗೆ ಬರೆದ ಅರ್ಜಿಗಳನ್ನು ನಾನೇ ಟೈಪು ಮಾಡಿಕೊಟ್ಟಿದ್ದೆ.

ಕೊನೆಗೆ ಒಂದು ಬೇಸಿಗೆಯಲ್ಲಿ ಮೀಟರು ಬಂತು. ಹೊಸದಲ್ಲ. ಎಲ್ಲೋ ಬಳಸಿ ಬಿಟ್ಟಿದ್ದು, ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಚರ್ಮದ ಹಿಡಿಕೆ ಹರಿದಿತ್ತು. ಆದರೆ ಗಾಜಿನ ಕೆಳಗಿನ ಮುಳ್ಳು ನವಿರಾಗಿ ಆಡುತ್ತಿತ್ತು, ಹಿಂಬದಿಗೆ ‘ಪರೀಕ್ಷಿಸಿದೆ’ ಎಂಬ ಚೀಟಿ ಅಂಟಿಸಿದ್ದರು. ಹವಾಲ್ದಾರ್ರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ ರೀತಿ ನೋಡಿದರೆ ಯಾರಿಗಾದರೂ ಖುಷಿಯಾಗಬೇಕು.

ಕೊಟ್ಟೂರಿನ ಜೀಪನ್ನು ಮೊದಲು ಊರ ಹೊರಗಿನ ಒಂದು ಕಣಕ್ಕೆ ಒಯ್ದರು. ಸಾಹೇಬರು ನನ್ನನ್ನೂ ನೋಡಿಕೊಂಡು ಬರಲು ಕಳಿಸಿದ್ದರು. ಮೇಲೆ ತಂತಿ ಇರಬಾರದು, ಹತ್ತಿರ ತಗಡಿನ ಮನೆ ಇರಬಾರದು, ಮನುಷ್ಯರು ಹತ್ತು ಹೆಜ್ಜೆ ದೂರ ನಿಲ್ಲಬೇಕು. ಅಷ್ಟು ಹೊತ್ತಿಗೆ ಒಂದು ಕುರಿ ಹಿಂಡು ಜೀಪನ್ನು ಸುತ್ತಿಕೊಂಡು ಹಾದುಹೋಗತೊಡಗಿತು. ಮುಳ್ಳು ಅತ್ತಿತ್ತ ಆಡಿತು. ಹವಾಲ್ದಾರ್ರು ಕುರುಬನನ್ನು ಗದರಲಿಲ್ಲ. ಕೊನೆಯ ಮರಿ ದಾಟುವವರೆಗೆ ಕಟರ್ ಹಿಡಿದು ಸುಮ್ಮನೆ ನಿಂತರು. ಆಮೇಲೆ ಕಡ್ಡಿಯ ತುದಿಯನ್ನು ಜೋಳದ ಕಾಳಿನಷ್ಟು ಕತ್ತರಿಸುವುದು, ಮುಳ್ಳು ನೋಡುವುದು, ಮತ್ತೆ ಕತ್ತರಿಸುವುದು. ಮುಳ್ಳು ಇನ್ನು ಕೆಳಗಿಳಿಯದು ಅನ್ನುವಲ್ಲಿ ನಿಲ್ಲಿಸಿದರು. ಹತ್ತು ದಿನದಲ್ಲಿ ಐದೂ ಜೀಪುಗಳು ಮುಗಿದವು.

ಆಗಲೇ ನನ್ನ ನೋಟ್‌ಬುಕ್ಕಿನಲ್ಲಿ ಅಂಕ ಇಳಿಯತೊಡಗಿತು. ನಾಲ್ಕು ಬರುತ್ತಿದ್ದ ಹರಪನಹಳ್ಳಿ ಜೀಪು ಮೂರಕ್ಕೆ ಬಂತು, ಮೂರಿದ್ದ ಹಡಗಲಿ ಎರಡಕ್ಕೆ. ಮೊದಲು ನನ್ನ ಕಿವಿಯನ್ನೇ ಅನುಮಾನಿಸಿದೆ. ಹವಾಲ್ದಾರ್ರು ಮೀಟರು ಹಚ್ಚಿ ಮಾಡಿದ ಕೆಲಸಕ್ಕೆ ಟೈಪಿಸ್ಟ್ ಒಬ್ಬಳು ತಪ್ಪು ಹುಡುಕುವುದೇ ಎಂದು ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಬಾಗಳಿಯ ಹತ್ತಿರ ಗಾಳಿಗೆ ತಂತಿ ಹರಿಯಿತು. ಹರಪನಹಳ್ಳಿ ಜೀಪು ಅಲ್ಲಿಂದ ಲೈನ್ ಕ್ಲಿಯರ್ ಕೇಳಿತು. ಯಾವ ಲೈನು ಎಂಬ ಮಾತು ಮಾತ್ರ ಗೊರಗೊರ ಸದ್ದಿನಲ್ಲಿ ಮುಳುಗಿ ಹೋಯಿತು. ಮೂರು ಸಲ ಹೇಳಿಸಿದೆ, ಮೂರು ಸಲವೂ ತಿಳಿಯಲಿಲ್ಲ. ಅಂದಾಜಿನಲ್ಲಿ ಕೊಡಲಾರೆ, ಕಂಬ ಹತ್ತಬೇಡಿ ಅಂದೆ. ಅದೇ ಮಾತನ್ನು ಅವರಿಗೆ ಕೇಳುವವರೆಗೂ ಹೇಳುತ್ತಲೇ ಇದ್ದೆ. ಜೀಪು ಹರಪನಹಳ್ಳಿಗೆ ವಾಪಸು ಬಂದು ಫೋನು ಮಾಡಿ, ಮತ್ತೆ ಬಾಗಳಿಗೆ ಹೋಗುವಷ್ಟರಲ್ಲಿ ಎರಡು ತಾಸು ಕಳೆಯಿತು. ಲೈನ್‌ಮನ್ ಸಿಟ್ಟಿನಿಂದ ಸಾಹೇಬರಿಗೆ ದೂರು ಕೊಟ್ಟ. ಹೆಂಗಸಿಗೆ ಕಿವಿ ಕೇಳುವುದಿಲ್ಲ ಎಂಬುದು ಅದರ ಸಾರ.

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಮರುದಿನ ಹವಾಲ್ದಾರ್ರು ಬಂದಾಗ ನೋಟ್‌ಬುಕ್ಕನ್ನು ಮುಂದಿಟ್ಟು, ಕಡ್ಡಿ ಕತ್ತರಿಸಿದ ದಿನದಿಂದ ಐದೂ ಜೀಪುಗಳ ದನಿ ಇಳಿದಿದೆ ಅಂದೆ. ಅವರ ಮುಖ ಬಿಗಿಯಿತು.

“ಮುಳ್ಳು ಸುಳ್ಳು ಹೇಳಂಗಿಲ್ಲವ್ವ. ನಾನ ನಿಂತು ಮಾಡೀನಿ,” ಅಂದರು.

“ನಿಮ್ಮ ಕೆಲಸದ ಮ್ಯಾಲೆ ನನಗ ಅನುಮಾನ ಇಲ್ರಿ. ಕೇಳಿದ್ದು ಬರದೀನಿ ಅಷ್ಟ,” ಅಂದೆ.

ಅವರು ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು ನಿಂತಲ್ಲೇ ಹಾಳೆ ತಿರುವಿದರು. ಹಿಂದಕ್ಕೆ ಹೋಗಿ ಹೋಗಿ, ಟಾರ್ಚಿನ ಬಲ್ಬಿನ ಕಾಲದ ಅಂಕಗಳನ್ನೂ ನೋಡಿದರು. ಅದನ್ನು ಬಗಲಲ್ಲಿಟ್ಟುಕೊಂಡು ಹೊರಟುಹೋದರು. ಕೆಲಸ ಹೋಯಿತು ಎಂದೇ ನಾನು ಎಣಿಸಿದ್ದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಕಚೇರಿಗೆ ಬಂದರೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಹಸಿರು ಮೀಟರು, ಪಕ್ಕದಲ್ಲಿ ಅಂಗೈಯಷ್ಟು ದೊಡ್ಡ ಒಂದು ವಿಚಿತ್ರ ವಸ್ತು. ವನಸ್ಪತಿ ಡಬ್ಬಿಯ ತಗಡಿನಿಂದ ಎರಡು ಬಿಲ್ಲೆ ಕತ್ತರಿಸಿ, ನಡುವೆ ರೇಡಿಯೊದ ರೆಸಿಸ್ಟರುಗಳನ್ನು ಸಾಲಾಗಿ ಬೆಸೆದಿದ್ದರು. ಏರಿಯಲ್ಲಿನ ಜಾಗದಲ್ಲಿ ಅದನ್ನು ಹಚ್ಚಿದರೆ ಕಳಿಸಿದ ಶಕ್ತಿಯನ್ನೆಲ್ಲ ಅದು ನುಂಗಿಬಿಡುತ್ತದಂತೆ.

“ಅಂಗಡ್ಯಾಗ ತಕ್ಕಡಿ ನೋಡಿಯಲ್ಲ? ಎರಡೂ ಪರಡಿ ಬರಿದಿದ್ದಾಗ ಮುಳ್ಳು ನಟ್ಟಗ ನಿಂದ್ರಬೇಕು. ಇದೂ ಹಂಗ. ಈಗ ತಿರುಗಿ ಬರೋದು ಏನೂ ಇಲ್ಲ, ಮುಳ್ಳು ಸೊನ್ನಿಗೆ ಮಲಗಬೇಕು. ನೀನ ನೋಡು.”

ಅವರು ಸೆಟ್ಟಿನ ಗುಂಡಿ ಒತ್ತಿದರು. ಮುಳ್ಳು ಸೊನ್ನೆಯಿಂದ ಎದ್ದು ಮೂರರಲ್ಲಿ ಒಂದು ಪಾಲು ಮೇಲಕ್ಕೆ ಹೋಗಿ ನಿಂತಿತು. ವೈರು ಬದಲಿಸಿದರು, ಮತ್ತೆ ಅಲ್ಲೇ ನಿಂತಿತು. ಮೀಟರಿನ ಒಳಗೆ ಎಂದೋ ಸುಟ್ಟ ಒಂದು ಸಣ್ಣ ಭಾಗವಿತ್ತು. ಅದು ತೋರಿಸಿದ ಸುಳ್ಳಿಗೆ ಸರಿಯಾಗಿ ಐದು ಕಡ್ಡಿಗಳೂ ಒಂದೂವರೆ ಇಂಚು ಗಿಡ್ಡವಾಗಿದ್ದವು.

ಚೀಟಿ ಅಂಟಿಸಿದವರ ತಪ್ಪಲ್ಲವೇ ಅದು ಎಂದು ನಾನು ಕೇಳಿದೆ. ಚೀಟಿಯನ್ನು ಓದಿ ನಂಬಿದ್ದು ನಾನು ಎಂದರು. ಒಂಬತ್ತಾಗುತ್ತಿತ್ತು, ಜೀಪುಗಳನ್ನು ಕರೆಯುವ ಹೊತ್ತು. ಐದೂ ಜೀಪುಗಳು ಓಗೊಟ್ಟ ಮೇಲೆ ಅವರು ಮೈಕಿಗಾಗಿ ಕೈ ಚಾಚಿದರು.

“ಎಲ್ಲಾರೂ ಕೇಳ್ರಿ. ನಿಮ್ಮ ಏರಿಯಲ್ಲು ಕೆಡಿಸಿದಾವ ನಾನು. ಮೀಟರ್ ಪರೀಕ್ಷಾ ಮಾಡದ ಹಚ್ಚೀನಿ. ಬಾಗಳಿಯೊಳಗ ಕೊಟ್ಟೂರಿನ ಅಕ್ಕಾರದು ತಪ್ಪಿಲ್ಲ. ಅವರು ಕಂಬ ಹತ್ತಬ್ಯಾಡ್ರಿ ಅಂದದ್ದು ಸರಿ. ನಾನ ಬಂದು ಒಂದೊಂದ ಜೀಪು ಸರಿಮಾಡ್ತೀನಿ. ಓವರ್.”

ಮೊದಲು ಕೂಡ್ಲಿಗಿ ಜೀಪು, “ಆತ್ರಿ ಹವಾಲ್ದಾರ್ರ,” ಅಂದಿತು. ಉಳಿದವರೂ ಹಾಗೇ ಅಂದರು. ನಾನು ಟೈಪ್‌ರೈಟರಿಗೆ ಹಾಳೆ ಹಾಕುವ ನೆಪದಲ್ಲಿ ಮುಖ ಆಚೆ ತಿರುಗಿಸಿದೆ.

ಸುಟ್ಟ ಭಾಗ ತೆಗೆದು ಬೇರೆ ಹಾಕಿ, ತಗಡಿನ ಬಿಲ್ಲೆ ಹಚ್ಚಿದಾಗ ಮುಳ್ಳು ಸೊನ್ನೆಗೆ ಮಲಗುವವರೆಗೂ ಮೀಟರನ್ನು ತಿದ್ದಿದರು. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲವಲ್ಲ. ಹೊಸ ಕಡ್ಡಿಗೆ ಬರೆದರೆ ಬರಲು ವರ್ಷ ಬೇಕು. ಅವರು ಸೈಕಲ್ ಅಂಗಡಿಯಿಂದ ಚಕ್ರದ ಕಡ್ಡಿಗಳನ್ನು ತಂದು ತುಂಡು ಮಾಡಿ, ಏರಿಯಲ್ಲಿನ ತುದಿಗೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿ ಬೆಸುಗೆ ಹಾಕಿದರು. ಸ್ವಲ್ಪ ಉದ್ದವಾಗಿಯೇ ಹಚ್ಚಿ ಕಾಳುಕಾಳಾಗಿ ಕತ್ತರಿಸಿದರು. ಈ ಸಲ ಒಂದೊಂದು ಸಲ ಕತ್ತರಿಸಿದಾಗಲೂ ಅಲ್ಲಿಂದಲೇ ನನ್ನನ್ನು ಕರೆದು, ಈಗ ಹೇಗೆ ಕೇಳುತ್ತದೆ ಎಂದು ವಿಚಾರಿಸುತ್ತಿದ್ದರು. ಮುಳ್ಳು ಮತ್ತು ನನ್ನ ಕಿವಿ ಎರಡೂ ಒಪ್ಪಿದ ಮೇಲೆಯೇ ಕಟರು ಕೆಳಗಿಡುತ್ತಿದ್ದರು. ಹಡಗಲಿಗೆ ಅವತ್ತು ಮೊದಲ ಸಲ ನಾಲ್ಕು ಅಂಕ ಹಾಕಿದೆ.

ತಪ್ಪು ತನ್ನದೆಂದು ಅವರು ಮೇಲಿನವರಿಗೂ ಬರೆದರು. ಆ ಪತ್ರವನ್ನು ನಾನೇ ಟೈಪು ಮಾಡಬೇಕಾಯಿತು. ಮೀಟರು ಹಾಳಾಗಿತ್ತು ಎಂಬ ಸಾಲನ್ನು ಮೊದಲಿಗೆ ತಂದು ಅವರ ತಪ್ಪನ್ನು ಸ್ವಲ್ಪ ಹಗುರ ಮಾಡಲು ನೋಡಿದೆ. ಓದಿ, ಹಾಳೆ ವಾಪಸು ಕೊಟ್ಟು, ಬರೆದಂತೆಯೇ ಹೊಡೆಯವ್ವ ಅಂದರು. ಮೇಲಿನಿಂದ ಎಚ್ಚರಿಕೆಯ ಮೆಮೊ ಬಂತು. ಅದನ್ನು ಫೈಲಿಗೆ ಹಾಕಿಸಿ ಕೂಡ್ಲಿಗಿಯ ಬಸ್ಸು ಹತ್ತಿದರು.

ಮರುವರ್ಷ ಅವರು ರಜೆಯಲ್ಲಿದ್ದಾಗ ಹಗರಿಬೊಮ್ಮನಹಳ್ಳಿ ಜೀಪಿನ ಕಡ್ಡಿ ಕೋಗಳಿಯ ದಾರಿಯಲ್ಲಿ ಹುಣಸೆ ಕೊಂಬೆಗೆ ಸಿಕ್ಕು ಮುರಿಯಿತು. ಚಾಲಕ ಜೀಪನ್ನು ನಮ್ಮಲ್ಲಿಗೇ ತಂದ. ಅಷ್ಟರಲ್ಲಿ ಬಂದಿದ್ದ ಹೊಸ ಕಡ್ಡಿಗಳಲ್ಲಿ ಒಂದನ್ನು ತೆಗೆದುಕೊಂಡು, ಸಾಹೇಬರನ್ನು ಕೇಳಿ, ನಾನೇ ಕಣಕ್ಕೆ ಹೋದೆ. ಮೊದಲು ತಗಡಿನ ಬಿಲ್ಲೆ ಹಚ್ಚಿ ಮೀಟರನ್ನು ಪರೀಕ್ಷಿಸಿದೆ. ಆಮೇಲೆ ಚಾಲಕನನ್ನು ದೂರ ನಿಲ್ಲಿಸಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಕತ್ತರಿಸತೊಡಗಿದೆ. ಒಂದು ಕಡ್ಡಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಹವಾಲ್ದಾರ್ರು ರಜೆ ಮುಗಿಸಿ ಬಂದವರೇ ಹಗರಿಬೊಮ್ಮನಹಳ್ಳಿಗೆ ಹೋಗಿ ಆ ಜೀಪನ್ನು ನೋಡಿದರು. ಸಂಜೆ ಕೊಟ್ಟೂರಿಗೆ ಬಂದು ಕೆಲಸದ ರಿಜಿಸ್ಟರು ಕೇಳಿದರು. ಅದರಲ್ಲಿ ಏರಿಯಲ್ ಹೊಂದಿಸಿದವರು ಎಂಬ ಕಡೆ ಅದುವರೆಗೂ ಅವರ ಹೆಸರೊಂದೇ ಇರುತ್ತಿತ್ತು. ಆ ದಿನದ ಸಾಲನ್ನು ನಾನು ಖಾಲಿ ಬಿಟ್ಟಿದ್ದೆ. ಅವರು ಪೆನ್ನು ತೆಗೆದು ಅಲ್ಲಿ ನನ್ನ ಹೆಸರು ಬರೆದು, ರುಜು ಮಾಡಲು ನನ್ನ ಕಡೆ ತಿರುಗಿಸಿದರು.