ಏಕಾದಶಿ ಮಾಡುತ್ತಿದ್ದ ನಾಯಿಯ ಹಲ್ಲು

ನಾನು ಪಶುವೈದ್ಯಕೀಯ ಓದಿದ ಕಾಲದಲ್ಲಿ ಹಲ್ಲಿನ ಪಾಠವೆಂದರೆ ವಯಸ್ಸು ಹೇಳುವ ಪಾಠ. ಎತ್ತಿನ ಬಾಯಿ ಬಿಡಿಸಿ ಇದಕ್ಕೆ ಇಷ್ಟು ವರ್ಷ ಎಂದು ಹೇಳಿದರೆ ಪರೀಕ್ಷೆ ಪಾಸು. ಆ ಹಲ್ಲು ನೋಯಲೂಬಹುದು ಎಂದು ಯಾರೂ ಒತ್ತಿ ಹೇಳಲಿಲ್ಲ. ಕೆಟ್ಟ ಹಲ್ಲು ತೆಗೆಯುವುದಕ್ಕೆ ಇಕ್ಕಳವಿತ್ತು. ಗಟ್ಟಿಯಾಗಿ ಹಿಡಿ, ಅಲ್ಲಾಡಿಸು, ಎಳೆ, ಅಷ್ಟೇ ವಿದ್ಯೆ. ಬೇರು ಮುರಿದು ಒಳಗೆ ಉಳಿದರೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಿದ್ದರು. ದವಡೆಯೇ ಮುರಿದರೆ ಪ್ರಾಣಿಗೆ ವಯಸ್ಸಾಗಿತ್ತು ಎನ್ನುತ್ತಿದ್ದರು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಈ ಎರಡು ಸಮಾಧಾನದ ಮಾತು ಕೇಳಿದಾಗಲೆಲ್ಲ ಆ ಇಕ್ಕಳವನ್ನು ಹೇಳಿದವರ ಬಾಯಿಗೇ ಹಾಕಬೇಕು ಅನ್ನಿಸುತ್ತಿತ್ತು.

ಮದುವೆಯಾಗಿ ಧಾರವಾಡ ಬಿಟ್ಟು ನಾಸಿಕಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ಯಜಮಾನರದು ಬ್ಯಾಂಕಿನ ನೌಕರಿ, ವರ್ಗವಾದ ಕಡೆ ಗಂಟುಮೂಟೆ ಕಟ್ಟಬೇಕು. ಬಾಡಿಗೆ ಮನೆಯ ಖಾಲಿ ಗ್ಯಾರೇಜಿನಲ್ಲಿ ಕಡಪಾ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿಸಿ ನಾನು ದವಾಖಾನೆ ತೆರೆದೆ. ಕೆಲವು ವರ್ಷಗಳ ಮೇಲೆ ಅವರಿಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದು ಛತ್ರಪತಿ ಸಂಭಾಜಿನಗರ, ನನ್ನ ಬಾಯಿಗೆ ಮಾತ್ರ ಹಳೆಯ ಹೆಸರೇ ಬರುತ್ತದೆ. ಮಗಳ ಶಾಲೆ, ನನ್ನ ದವಾಖಾನೆ ಎರಡೂ ನಾಸಿಕದಲ್ಲಿದ್ದುದರಿಂದ ನಾವಿಬ್ಬರು ಅಲ್ಲೇ ಉಳಿದೆವು. ಒಂದು ಶನಿವಾರ ಅವರು ಬರುವುದು, ಇನ್ನೊಂದು ಶನಿವಾರ ನಾವು ಹೋಗುವುದು. ಯೇವಲಾ ದಾಟಿ ವೈಜಾಪುರ ಬರುವಷ್ಟರಲ್ಲಿ ಆ ಕೆಂಪು ಬಸ್ಸು ನಮ್ಮ ಮೈಮೂಳೆಗಳನ್ನೆಲ್ಲ ಒಂದೊಂದಾಗಿ ಪರಿಚಯ ಮಾಡಿಕೊಟ್ಟಿರುತ್ತಿತ್ತು.

ಯಜಮಾನರು ಅಲ್ಲಿ ಬಾಡಿಗೆಗಿದ್ದ ಮನೆಯ ಒಡತಿ ಹಲ್ಲಿನ ಡಾಕ್ಟರು. ಕೆಳಗೆ ಅವರ ದವಾಖಾನೆ, ಮೇಲೆ ಬಾಡಿಗೆಯ ಕೋಣೆಗಳು. ನಾನು ದನದ ಡಾಕ್ಟರು ಎಂದು ಗೊತ್ತಾದಾಗ ಅವರು ನಗಲಿಲ್ಲ, ಕೆಳಗೆ ಬಂದು ನೋಡಿ ಎಂದು ಕರೆದರು. ಹೋದೆ. ಒಬ್ಬ ಮುದುಕರ ದವಡೆ ಹಲ್ಲು ತೆಗೆಯುವುದಿತ್ತು. ನಾನು ಇಕ್ಕಳಕ್ಕಾಗಿ ಕಾಯುತ್ತಿದ್ದರೆ ಆಕೆ ಎತ್ತಿಕೊಂಡದ್ದು ಅಂಗೈಯಲ್ಲಿ ಕೂರುವ ದಪ್ಪ ಹಿಡಿಯ, ತುದಿ ತೆಳ್ಳಗಿರುವ ಒಂದು ಉಳಿಯಂಥ ವಸ್ತು. ಎಲಿವೇಟರ್ ಎನ್ನುತ್ತಾರೆ. ಹಲ್ಲಿನ ದುಂಡು ಆಕಾರಕ್ಕೆ ಹೊಂದುವಂತೆ ಅದರ ಅಲಗು ಒಳಬಾಗಿತ್ತು. ಅದನ್ನು ಹಲ್ಲಿಗೂ ಎಲುಬಿಗೂ ನಡುವಿನ ಕೂದಲೆಳೆ ಸಂದಿಗೆ ಇಳಿಸಿ, ಒಂದಿಷ್ಟೇ ತಿರುಗಿಸಿ, ಹಾಗೇ ಹಿಡಿದು ಕೂತರು. ಎಳೆಯಲಿಲ್ಲ, ಅಲ್ಲಾಡಿಸಲೂ ಇಲ್ಲ. ಮುದುಕರ ಜೊತೆ ಈರುಳ್ಳಿಯ ಬೆಲೆ ಮಾತಾಡುತ್ತ ಸುಮ್ಮನೆ ಹಿಡಿದಿದ್ದರು. ಆಮೇಲೆ ಇನ್ನೊಂದು ಬದಿ. ಕೊನೆಗೆ ಹಲ್ಲು ತಾನೇ ಎದ್ದು ಬಂದ ಹಾಗೆ ಮೇಲೆ ಬಂತು.

ಹಲ್ಲನ್ನು ಎಲುಬಿಗೆ ಮೊಳೆ ಹೊಡೆದು ಕೂರಿಸಿಲ್ಲ, ಸುತ್ತಲೂ ಸಣ್ಣ ಸಣ್ಣ ನಾರುಗಳು ಅದನ್ನು ಹಿಡಿದುಕೊಂಡಿರುತ್ತವೆ, ಸಾವಕಾಶವಾಗಿ ಒತ್ತಿ ಹಿಡಿದರೆ ಅವು ದಣಿದು ಬಿಡುತ್ತವೆ ಎಂದು ಆಕೆ ಮರಾಠಿಯಲ್ಲಿ ವಿವರಿಸಿದರು. ಇದೆಲ್ಲ ನಾನೂ ಓದಿದ್ದೆ. ಓದಿದ್ದು ಕೈಗೆ ಬರುತ್ತದೆಂದು ಮಾತ್ರ ಯೋಚಿಸಿರಲಿಲ್ಲ. ಆ ದಿನವೇ ಊರಿನ ಪೇಟೆಯಲ್ಲಿ ಹಲ್ಲಿನ ಸಾಮಾನಿನ ಅಂಗಡಿ ಹುಡುಕಿ ಬೇರೆ ಬೇರೆ ಅಗಲದ ಎಲಿವೇಟರ್ ಕೊಂಡೆ. ಆಕೆ ಹಲ್ಲು ಕೊರೆಯಲು ಕರೆಂಟಿನ ಡ್ರಿಲ್ ತಂದ ಮೇಲೆ ಮೂಲೆಗೆ ಸರಿಸಿದ್ದ ಹಳೆಯದೊಂದನ್ನು ಕೊಟ್ಟರು. ಅದು ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವಂಥದ್ದು. ಅದನ್ನು ಬಸ್ಸಿನ ಮೇಲೆ ಹಾಕಿಸಿದಾಗ ಕಂಡಕ್ಟರ್ ಬಟ್ಟೆ ಹೊಲಿಯುತ್ತೀರಾ ಎಂದು ಕೇಳಿದ, ಹೌದು ಎಂದೆ.

ನಾಸಿಕದಲ್ಲಿ ಅಭ್ಯಾಸ ಶುರುವಾಯಿತು. ಕಸಾಯಿ ಅಂಗಡಿಯಿಂದ ಆಡಿನ ತಲೆ ತರಿಸಿ ಗ್ಯಾರೇಜಿನಲ್ಲಿ ಕೂರುತ್ತಿದ್ದೆ. ಕನ್ನಡದ ಬ್ಯಾಂಕಿನವರು ಬೆಳ್ಳುಳ್ಳಿಯನ್ನೂ ತಿನ್ನದ ಜನ ಎಂದು ನಂಬಿದ್ದ ಮನೆ ಮಾಲೀಕರು ಗೇಟಿನಲ್ಲಿ ಆ ಚೀಲ ನೋಡಿ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಮನುಷ್ಯರಿಗಾಗಿ ಮಾಡಿದ ಅಲಗು ಸಣ್ಣ ನಾಯಿಗೆ ದಪ್ಪವಾಗುತ್ತಿತ್ತು. ಎಣ್ಣೆ ಹಚ್ಚಿದ ಸಾಣೆಗಲ್ಲಿನ ಮೇಲೆ ತಿಕ್ಕಿ ತಿಕ್ಕಿ ತೆಳ್ಳಗೆ ಮಾಡಿದೆ. ತೋರುಬೆರಳನ್ನು ಅಲಗಿನ ತುದಿಯ ಹತ್ತಿರದವರೆಗೂ ಚಾಚಿ ಹಿಡಿಯುವುದು ರೂಢಿಯಾಯಿತು. ಕೈ ಜಾರಿದರೆ ಬೆರಳೇ ತಡೆಯಬೇಕು, ಏಕೆಂದರೆ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲಿನ ನೆತ್ತಿಯ ಮೇಲೇ ಕಣ್ಣಿರುತ್ತದೆ.

ಆ ನಾಯಿಯನ್ನು ನಾನು ನೋಡಿದ್ದು ಪಂಚವಟಿಯ ಒಂದು ಉಡುಪಿ ಹೋಟೆಲಿನಲ್ಲಿ. ಕುಂದಾಪುರದ ಕಡೆಯ ಕುಟುಂಬ. ಹೋಟೆಲಿನ ಯಜಮಾನರು ತೀರಿಕೊಂಡ ಮೇಲೆ ಮಗ ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದ. ಅವನ ತಾಯಿ, ಎಲ್ಲರಿಗೂ ಅಜ್ಜಿ, ಹಿಂದಿನ ಮನೆಯಿಂದಲೇ ಸಾಂಬಾರಿನ ವಾಸನೆ ಹಿಡಿದು ಉಪ್ಪು ಕಡಿಮೆ ಎಂದು ಕೂಗಿ ಹೇಳುವಂಥವರು. ನಾಯಿ ತೀರಿಹೋದ ಯಜಮಾನರ ಹಿಂದೆ ಹಿಂದೆ ತಿರುಗುತ್ತಿತ್ತಂತೆ, ಈಗ ಅಜ್ಜಿಯ ಕಾಲ ಬಳಿ. ಅದಕ್ಕೆ ಆ ಓಣಿಯಲ್ಲೆಲ್ಲ ದೊಡ್ಡ ಹೆಸರು. ಅದು ಏಕಾದಶಿ ಮಾಡುತ್ತಿತ್ತು! ಉಳಿದ ದಿನ ಹಾಲಿಡ್ಲಿ, ಮೊಸರನ್ನ ತಿನ್ನುವ ನಾಯಿ ಏಕಾದಶಿಯಂದು ಮುಂದಿಟ್ಟ ಫಳಾರದಿಂದ ಮುಖ ತಿರುಗಿಸುತ್ತಿತ್ತು. ದೇವಸ್ಥಾನಕ್ಕೆ ಬಂದವರು ನಿಂತು ಕೈಮುಗಿಯುವುದು, ಯಾರೋ ಹಣೆಗೆ ಕುಂಕುಮ ಹಚ್ಚುವುದು. ನಮ್ಮ ಯಜಮಾನರು ಇವರಿಗೆ ಬುದ್ಧಿ ಹೇಳಿಕೊಟ್ಟು ಹೋಗಿದ್ದಾರೆ ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಯಿಗೂ ಬಹುವಚನ.

ನಾನು ಇಂಥದ್ದನ್ನೆಲ್ಲ ಸುಲಭಕ್ಕೆ ನಂಬುವವಳಲ್ಲ. ಒಂದು ಏಕಾದಶಿಯಂದು ಬೇಕೆಂದೇ ಹೋಗಿ ಕೂತೆ. ನಾಯಿಯ ಬಲಗಣ್ಣಿನ ಕೆಳಗೆ ಒಡೆದು ಮಾಗಿದ ಗಾಯದ ಗುರುತಿತ್ತು. ಕಣ್ಣಿಗೆ ಏನೋ ತಾಗಿದೆ ಎಂದು ಯಾರೋ ಮುಲಾಮು ಕೊಟ್ಟಿದ್ದರಂತೆ. ಅಜ್ಜಿ ತಟ್ಟೆ ಇಟ್ಟರು. ಅದರಲ್ಲಿ ಸಾಬುದಾಣಿ ವಡೆ, ಬಟಾಟೆಯ ಗರಿಗರಿ ವೇಫರ್, ಹುರಿದ ಶೇಂಗಾ. ಏಕಾದಶಿಯ ದಿನ ಆ ಮನೆಯಲ್ಲಿ ಅಕ್ಕಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಇಡ್ಲಿಯಿಲ್ಲ, ಅನ್ನವಿಲ್ಲ. ನಾಯಿ ಮೂಸಿತು, ಜೊಲ್ಲು ಸುರಿಸಿತು. ಒಂದು ವಡೆಯನ್ನು ಕಚ್ಚಿ ಎಡಕ್ಕೆ ಹೊರಳಿಸಿ ಪಟ್ಟನೆ ಕೆಳಗೆ ಬಿಟ್ಟಿತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿತು. ಅದಕ್ಕೆ ತಿನ್ನುವ ಆಸೆ ಬೇಕಾದಷ್ಟಿತ್ತು.

ನಾನು ತಡೆಯಲಾರದೆ ಹೇಳಿಬಿಟ್ಟೆ. "ಅಮ್ಮಾ, ಇದು ಉಪವಾಸ ಅಲ್ಲರಿ. ಇದಕ್ಕ ಹಲ್ಲು ನೋಯ್ಲಿಕ್ಕತ್ತದ. ಮೆತ್ತಗಿನದು ತಿಂತದ, ಗಟ್ಟಿ ಆಗೂದಿಲ್ಲ."

ತುಟಿ ಎತ್ತಿ ತೋರಿಸಿದೆ. ದೊಡ್ಡ ಹಲ್ಲಿನ ಒಂದು ಪಕ್ಕೆ ಸಿಪ್ಪೆ ಎದ್ದ ಹಾಗೆ ಸೀಳಿ ಹೋಗಿತ್ತು. ಹೋಟೆಲಿನ ಹಿತ್ತಲಲ್ಲಿ ತೆಂಗಿನ ಕರಟದ ರಾಶಿಯೇ ಇತ್ತು. ಅದನ್ನು ಕಡಿದೇ ಒಡೆದುಕೊಂಡಿರಬೇಕು. ಬೇರಿನ ಕೀವು ಮೇಲೇರಿ ಕಣ್ಣಿನ ಕೆಳಗೆ ಒಡೆಯುತ್ತಿತ್ತು. ಹಲ್ಲು ತೆಗೆಯದಿದ್ದರೆ ಇದು ಎಲ್ಲ ಊಟವನ್ನೂ ಬಿಡುತ್ತದೆ ಎಂದೆ.

ಅಜ್ಜಿಯ ಮುಖ ಗಂಟಿಕ್ಕಿತು. "ಎಂತ ಮಾತು ಡಾಕ್ಟ್ರೇ ನಿಮ್ಮದು! ನಾನು ಸಣ್ಣವಳಿರುವಾಗ ನಮ್ಮ ಊರಲ್ಲಿ ಒಬ್ಬ ನನ್ನ ತಲೆಯನ್ನು ಮೊಣಕಾಲ ಸಂದಿಯಲ್ಲಿ ಹಿಡ್ಕೊಂಡು ಹಲ್ಲು ಕಿತ್ತಿದ್ದ. ಅರ್ಧ ಬಂತು, ಅರ್ಧ ಒಳಗೇ ಉಳೀತು. ಇವರ ಬಾಯಿಗೆ ಇಕ್ಕಳ ಹಾಕ್ಲಿಕ್ಕೆ ನಾನು ಬಿಡುದಿಲ್ಲ. ಉಪವಾಸ ಮಾಡ್ತಾರೆ, ಮಾಡ್ಲಿ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಕಾಫಿಯನ್ನೂ ಮುಗಿಸದೆ ಎದ್ದು ಬಂದೆ. ದಾರಿಯುದ್ದಕ್ಕೂ ಗೊಣಗಿದೆ. ಸಿಟ್ಟು ಅಜ್ಜಿಯ ಮೇಲಾ, ಅವರ ತಲೆ ಹಿಡಿದಿದ್ದ ಆ ಮನುಷ್ಯನ ಮೇಲಾ, ನನಗೇ ಸ್ಪಷ್ಟವಿರಲಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಗ್ಯಾರೇಜಿನ ಮುಂದೆ ರಿಕ್ಷಾ ನಿಂತಿತು. ಅಜ್ಜಿ ಹಳೆಯ ಸೀರೆಯಲ್ಲಿ ನಾಯಿಯನ್ನು ಸುತ್ತಿಕೊಂಡು ಇಳಿದರು. ಅದರ ಮುಖ ಊದಿತ್ತು, ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಮೊಸರನ್ನವನ್ನೂ ಬಿಟ್ಟಿದೆಯಂತೆ. "ಇವರು ಹೋದ್ರೆ ಮನೆಯಲ್ಲಿ ನಮ್ಮವರದ್ದು ಅಂತ ಜೀವ ಇರುವ ವಸ್ತು ಒಂದೂ ಇಲ್ಲ ಮಾರಾಯ್ತಿ. ತೆಗೀರಿ. ಆದ್ರೆ ತಲೆ ನಾನೇ ಹಿಡ್ಕೊಳ್ತೇನೆ, ನೀವು ಇಕ್ಕಳ ತಗೊಂಡ್ರೆ ನಾನು ಎದ್ದು ಹೋಗುದೇ" ಎಂದರು.

ಹೆದರಿಕೆ ಅವರೊಬ್ಬರಿಗೇ ಇರಲಿಲ್ಲ. ಮೂರು ಬೇರಿನ ಹಲ್ಲು, ಮುದಿ ನಾಯಿ, ಕೀವಿನಿಂದ ಮೆತ್ತಗಾದ ಎಲುಬು, ಮೇಲೆ ಕಣ್ಣು. ಆಡಿನ ತಲೆ ಏನಾದರೂ ಆದರೆ ನರಳುವುದಿಲ್ಲವಲ್ಲ. ಮಂಪರಿನ ಸೂಜಿ ಕೊಟ್ಟು, ಒಸಡು ಜೋಮು ಹಿಡಿಯುವ ಸೂಜಿಯನ್ನೂ ಹಾಕಿದೆ. ಡ್ರಿಲ್ ತುಳಿಯುವುದಕ್ಕೆ ಸಿಕ್ಕಿದ್ದು ಆ ವಾರ ಮನೆಗೆ ಬಂದಿದ್ದ ನನ್ನ ಯಜಮಾನರು. ರಕ್ತ ಕಂಡರೆ ಆಗದ ಮನುಷ್ಯ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ತುಳಿದರು. "ಮುಗೀತೇನು?" ಎಂದು ಕೇಳುವುದು, "ತುಳೀರಿ ಸುಮ್ನ" ಎಂದು ನಾನು ಗದರುವುದು. ನೀರು ಹನಿಸುತ್ತ ಹಲ್ಲನ್ನು ಮೂರು ಭಾಗ ಮಾಡಿದೆ. ಈಗ ಒಂದೊಂದು ತುಂಡಿಗೆ ಒಂದೊಂದೇ ಬೇರು.

ಆಮೇಲೆ ಎಲಿವೇಟರ್. ಸಂದಿಗೆ ಇಳಿಸಿ, ತಿರುಗಿಸಿ, ಹಿಡಿದೆ. ಹಿಡಿದುಕೊಂಡು ಸುಮ್ಮನೆ ಕೂರುವುದಿದೆಯಲ್ಲ, ನನ್ನಂಥ ದುಡುಕಿನವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಎಳೆದುಬಿಡು ಎಂದು ಕೈ ಹೇಳುತ್ತದೆ. ಅಜ್ಜಿಯ ಕಣ್ಣು ನನ್ನ ಬೆರಳಿನ ಮೇಲೇ ಇತ್ತು. ಈರುಳ್ಳಿಯ ಬೆಲೆಯ ಮಾತು ನೆನಪಾಗಿ, ಅವರ ಸಾಂಬಾರಿಗೆ ಕೊತ್ತಂಬರಿ ಮೊದಲು ಹುರಿಯುತ್ತಾರೋ ಮೆಣಸಿನಕಾಯಿಯೋ ಎಂದು ಕೇಳಿದೆ. ಅವರು ಬೇಸರದಿಂದಲೇ ಶುರುಮಾಡಿ ಆಮೇಲೆ ಮೆಂತ್ಯದವರೆಗೂ ಹೇಳಿದರು. ಅಷ್ಟರಲ್ಲಿ ಅಲಗಿನ ಕೆಳಗೆ ಏನೋ ಸಡಿಲಾದದ್ದು ಬೆರಳಿಗೆ ತಿಳಿಯಿತು. ಮೊದಲ ಬೇರು ಇಡಿಯಾಗಿ ಬಂತು, ನಂತರ ಇನ್ನೊಂದು. ಮೂರನೆಯದು ಹಟ ಮಾಡಿತು, ನಾನೂ ಬಿಡದೆ ಕಾದೆ. ಕೊನೆಗೆ ಮೂರನ್ನೂ ಅಜ್ಜಿಯ ಅಂಗೈಯಲ್ಲಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಒಳಗೆ ಎಂತದೂ ಉಳೀಲಿಲ್ವಾ?" ಎಂದರು. ಇಲ್ಲ ಎಂದೆ. ಆಮೇಲೆ ಒಸಡಿಗೆ ಹೊಲಿಗೆ ಹಾಕಿದೆ.

ನಾಯಿ ಬದುಕಿತು. ಗಾಯ ಮಾಗಿದೆಯೇ ನೋಡಲು ಹೋದ ದಿನ ಏಕಾದಶಿಯಾಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅದು ಸಾಬುದಾಣಿ ವಡೆಯನ್ನು ಕರಕರ ಎಂದು ಅಗಿಯುತ್ತಿತ್ತು. ನಮ್ಮ ಸಾಧು ಕೆಟ್ಟುಹೋದರು ಎಂದು ಮಗ ಗಲ್ಲೆಯಿಂದಲೇ ನಕ್ಕ. ಕೈಮುಗಿಯಲು ಬಂದಿದ್ದ ಒಬ್ಬಾಕೆ ಮುಖ ಸಣ್ಣದು ಮಾಡಿಕೊಂಡು ಹೋದಳು. ಅಜ್ಜಿ ಮಾತ್ರ ನಗಲಿಲ್ಲ. ಮಣೆಯ ಮೇಲೆ ಕೂತು ಅದು ತಿನ್ನುವುದನ್ನೇ ನೋಡುತ್ತಿದ್ದರು. ಅವರ ಸೊಸೆ ಒಲೆಯ ಮುಂದೆ ವಡೆ ಕರಿಯುತ್ತಿದ್ದಳು. ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ ಅವಳು.

"ಎಷ್ಟು ನೋವಲ್ಲಿ ಇದ್ರೋ ಏನೋ. ನಾವು ಕುಂಕುಮ ಹಚ್ಚಿದ್ದೇ ಹಚ್ಚಿದ್ದು" ಎಂದರು ಅಜ್ಜಿ. ನಾಯಿಯ ತಲೆ ಸವರುತ್ತ ಕೇಳಿದರು. "ಡಾಕ್ಟ್ರೇ, ಆ ನಿಮ್ಮ ಸಾಮಾನು ಮನುಷ್ಯರಿಗೂ ಹಾಕ್ತಾರಾ?"

"ಹೌದ್ರಿ. ಔರಂಗಾಬಾದಿನ್ಯಾಗ ಒಬ್ರು ಹಲ್ಲಿನ ಲೇಡಿ ಡಾಕ್ಟರ್ ಇದ್ದಾರ. ಅವ್ರಿಂದ ಕಲತೆ. ಯಾಕ್ರಿ?"

ಅಜ್ಜಿ ಬಾಗಿಲ ಕಡೆ ಮಗ ಇಲ್ಲವೆಂದು ನೋಡಿಕೊಂಡು, ಬೆರಳಿನಿಂದ ತಮ್ಮ ಕೆನ್ನೆಯನ್ನು ಪಕ್ಕಕ್ಕೆ ಎಳೆದು ನನ್ನ ಕಡೆ ತಿರುಗಿದರು. ಕೆಳದವಡೆಯ ಹಿಂದಿನ ಹಲ್ಲುಗಳು ಕಪ್ಪಾಗಿ ಬುಡದವರೆಗೆ ತಿಂದುಹೋಗಿದ್ದವು. ಒಸಡು ಊದಿ ಕೆಂಪಾಗಿತ್ತು. ಇದನ್ನಿಟ್ಟುಕೊಂಡು ಇವರು ನಿದ್ದೆ ಹೇಗೆ ಮಾಡುತ್ತಾರೆ ಅನ್ನಿಸಿತು.

"ಅಗಬಾಯಿ!" ಸೊಸೆ ಸೌಟು ಹಿಡಿದೇ ಹತ್ತಿರ ಬಂದಳು. "ಅತ್ತೆ, ಇದು ಯಾವಾಗಿಂದ? ಒಂದು ಮಾತೂ ಹೇಳ್ಲಿಲ್ಲ ನೀವು! ಸೋಮವಾರ ಉಪವಾಸ, ಗುರುವಾರ ಉಪವಾಸ, ಈಗ ಶನಿವಾರವೂ... ನಾನು ಎಲ್ಲರಿಗೂ ಹೇಳ್ಕೊಂಡು ಬರ್ತಿದ್ದೆ, ನಮ್ಮ ಅತ್ತೆ ದೊಡ್ಡ ವ್ರತದವರು ಅಂತ..."

"ಹೇಳಿದ್ರೆ ಕೀಳಿಸ್ತೀರಲ್ಲ" ಎಂದರು ಅಜ್ಜಿ, ಮಗುವಿನ ಹಾಗೆ. "ಉಪವಾಸ ಅಂದ್ರೆ ಯಾರೂ ಎಂತಕ್ಕೆ ಅಂತ ಕೇಳುದಿಲ್ಲ."

ನನ್ನ ಕಣ್ಣು ತುಂಬಿತು, ಮುಚ್ಚಿಕೊಳ್ಳಲೂ ಹೋಗಲಿಲ್ಲ. ಸೊಸೆ ಎಣ್ಣೆಯಲ್ಲಿದ್ದ ವಡೆಗಳನ್ನು ಹಾಗೇ ಬಿಟ್ಟು ಗ್ಯಾಸ್ ಆರಿಸಿದಳು. ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು. "ಔರಂಗಾಬಾದಿಗೆ ನಾನೇ ಬರ್ತೇನೆ. ನಿಮ್ಮ ತಲೆ ನಾನು ಹಿಡ್ಕೊಳ್ತೇನೆ. ಯಾವ ಬದಿ ಅತ್ತೆ, ನನಗೂ ತೋರಿಸಿ" ಎಂದಳು.

ಅಜ್ಜಿ ಬಾಯಿ ತೆರೆದರು.