ಬೆಂಕಿ ಹಚ್ಚಿ ವೈನು ತಂಪು ಮಾಡಿದ್ದು

ಒಳಗೆ ತಂಪಾಗಲೆಂದು ಕೆಳಗೆ ಬೆಂಕಿ ಹಚ್ಚುವ ಪೆಟ್ಟಿಗೆಯನ್ನು ಧಾರವಾಡದ ನೀವು ಯಾರಾದರೂ ಕಂಡಿದ್ದೀರಾ? ಮದುವೆಯಾಗಿ ಮೈಸೂರು ಕಡೆಯ ಮಾಂಬಳ್ಳಿ ಹತ್ತಿರದ ಈ ತೆಂಗಿನ ತೋಟಕ್ಕೆ ಬಂದ ವಾರದಲ್ಲೇ ನಾನು ಕಂಡೆ. ತೋಟಕ್ಕೆ ಇನ್ನೂ ಕರೆಂಟು ಬಂದಿಲ್ಲ. ಹಾಗಾಗಿ ತೋಟದ ಸಾಹುಕಾರರು ಸೀಮೆಎಣ್ಣೆಯಲ್ಲಿ, ಅಂದರೆ ನಮ್ಮ ಚಿಮಣಿ ಎಣ್ಣೆಯಲ್ಲಿ, ನಡೆಯುವ ಫ್ರಿಜ್ಜು ತರಿಸಿ ನಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿದ್ದರು. ಒಳಗಿದ್ದುದು ಹಾಲಲ್ಲ, ಮೊಸರಲ್ಲ, ವೈನು! ಹಣೆಗೆ ವಿಭೂತಿ ಇಟ್ಟುಕೊಂಡು ವೈನು ಕಾಯುವ ಭಾಗ್ಯ ನನ್ನದಾಯಿತು.

ಭಾನುವಾರ ಸಾಹುಕಾರರ ಅತಿಥಿಗಳು ಮೈಸೂರಿನಿಂದ ಬರುವವರಿದ್ದರು. ಬಾಟಲಿ ಮುಟ್ಟಿದರೆ ಕೈ ಜುಮ್ಮೆನ್ನಬೇಕು, ಐಸ್ ಮಾತ್ರ ಕಟ್ಟಬಾರದು ಎಂದು ಅಪ್ಪಣೆ. ನಮ್ಮವರು ತೋಟದ ಹೊಸ ಮ್ಯಾನೇಜರು. "ಇಷ್ಟೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದು ಸಾಹುಕಾರರು ಅವರಿಗೆ ಹೇಳಿ ಹೋಗಿದ್ದರು. ಕೆಲಸ ಹೋದರೆ ಮನೆಯೂ ಹೋದಂತೆ. ಗುರುವಾರವಾದರೂ ಬಾಟಲಿಗಳು ಬೆಚ್ಚಗೇ ಇದ್ದವು.

"ಬತ್ತಿ ಏರ್ಸಿ ಅವ್ವಾರೆ" ಎಂದಳು ಮನೆಗೆಲಸದ ಪುಟ್ಟಮ್ಮ. ಏರಿಸಿದೆ, ಹೊಗೆ ತುಂಬಿ ಇಬ್ಬರೂ ಕೆಮ್ಮಿದೆವು. ಫ್ರಿಜ್ಜು ಕೂರಿಸಿದ ಮೇಸ್ತ್ರಿ ಹೇಳಿದ್ದು ಎರಡೇ ಮಾತು: ಉರಿ ನೀಲಿಯಾಗಿರಬೇಕು, ಪೆಟ್ಟಿಗೆ ವಾಲಬಾರದು. ಬತ್ತಿ ಇಳಿಸಿ ಉರಿಯನ್ನು ನೀಲಿ ಮಾಡಿದೆ. ವಾಲಿಲ್ಲವೆಂದು ನಮ್ಮವರು ಒಂದು ಕಣ್ಣು ಮುಚ್ಚಿ ನೋಡಿ ಆಣೆ ಮಾಡಿದರು. ಗಳಿಗೆಗೊಮ್ಮೆ ಬಾಗಿಲು ತೆಗೆದು ತಂಪು ಹೊರಗೆ ಬಿಡುತ್ತಿದ್ದ ಪುಟ್ಟಮ್ಮನನ್ನು ಗದರಿದೆ. ಏನು ಮಾಡಿದರೂ ಅಷ್ಟೇ.

ಶುಕ್ರವಾರ ತವರಿನಿಂದ ತಂದ ಜೋಳದ ಹಿಟ್ಟು ಮುಗಿಯಿತು. ನಮ್ಮಲ್ಲಿ ರೊಟ್ಟಿಯ ಮೇಲೆ ಗಟ್ಟಿ ಪಲ್ಯ ಹಾಕಿದರೆ ಹಾಕಿದಲ್ಲೇ ಇರುತ್ತದೆ. ಇಲ್ಲಿ ರಾಗಿ ಮುದ್ದೆಯ ಸುತ್ತ ತೆಳ್ಳನೆಯ ಸಾರು. ಮೊದಲ ಸಲ ಅದನ್ನು ಉಣ್ಣಲು ಅಡುಗೆಮನೆಯ ನೆಲದ ಮೇಲೆ ಕುಳಿತರೆ ಸಾರೆಲ್ಲ ತಟ್ಟೆಯ ಒಂದೇ ಅಂಚಿಗೆ ಓಡಿತು. ತಟ್ಟೆ ತಿರುಗಿಸಿದರೂ ಮತ್ತೆ ಅದೇ ಕಡೆ!

"ಇದೇನ ಪುಟ್ಟಮ್ಮ, ನಿಮ್ಮ ಸಾರು ಓಡಿ ಹೊಂಟೈತಿ?"

"ನೆಲ ಬಚ್ಚಲ ಕಡೀಕೆ ಇಳ್ಜಾರು ಕಣ್ರವ್ವಾ. ತೊಳ್ದ ನೀರು ಓಗ್ಬೇಕಲ್ವಾ?"

ಎಂಜಲು ಕೈಯಲ್ಲೇ ಎದ್ದೆ. ಫ್ರಿಜ್ಜು ನಿಂತದ್ದೂ ಅದೇ ನೆಲದ ಮೇಲೆ! ನಮ್ಮವರು ಅದನ್ನು ಎತ್ತಿ ಹಿಡಿದರು, ಪುಟ್ಟಮ್ಮ ಬಚ್ಚಲ ಕಡೆಯ ಕಾಲುಗಳಿಗೆ ಹೆಂಚಿನ ಚೂರು ಕೊಟ್ಟಳು, ನಾನು ಮೇಲೆ ನೀರಿನ ತಟ್ಟೆ ಇಟ್ಟು ಸಮ ನೋಡಿದೆ. ಶನಿವಾರ ಬೆಳಿಗ್ಗೆ ಬಾಟಲಿ ಮುಟ್ಟಿದರೆ ಕೈ ಜುಮ್ಮೆಂದಿತು. ಹೊಸ ಮದುವಣಗಿತ್ತಿ ಎಂಬುದನ್ನೂ ಮರೆತು ಕುಣಿದೆ.

ಭಾನುವಾರ ಸಾಹುಕಾರರು "ಭೇಷ್" ಅಂದರು, ಕೆಲಸ ಉಳಿಯಿತು. ಅತಿಥಿಗಳು ಹೊರಟ ಮೇಲೆ ನಮ್ಮವರು ನಕ್ಕರು: "ಬಂದ ದಿನದಿಂದ ಊರಿಗೆ ಹೋಗೂಣು ಅಂತ ಅಳತಿದ್ದಿ. ಆ ಫ್ರಿಜ್ಜು ಸುಮ್ನ ಬಿಟ್ಟಿದ್ರ ನಾಳೆ ಧಾರವಾಡದ ದಾರಿ ಹಿಡೀತಿದ್ವಿ."

ಖರೆ! ಆ ಗಡಿಬಿಡಿಯಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಕಣ್ಣು ತುಂಬಿತು. ಊರಿಗೆ ಬರಬೇಕೆಂಬ ಆಸೆ ಈಗಲೂ ಅಷ್ಟೇ ಇದೆ. ಬಂದರೆ ಎಂಟು ದಿನಕ್ಕೇ ಈ ಮನೆ ನೆನಪಾದೀತೆಂಬ ಭಯ ಮಾತ್ರ ಹೊಸದು.